ಹಸಿವಿನ ತಿಂಗಳುಗಳನ್ನು ಕಡಿಮೆ ಮಾಡಲು: ಚರ್ಚಿನ ಆಸರೆಯಲ್ಲಿ ಉಳಿತಾಯ ಗುಂಪು ಮತ್ತು ಬೇಸಾಯ ಕಾರ್ಯಕ್ರಮ ನಡೆಸುವ ಬಗೆ

ಬಡ ರೈತ ಕುಟುಂಬದ ಹಸಿವು ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಸುಗ್ಗಿ ಮುಗಿದ ಕೆಲವು ತಿಂಗಳು ಮನೆಯಲ್ಲಿ ಕಾಳು ಇರುತ್ತದೆ. ಮಳೆ ಹಿಡಿದು ಹೊಲದಲ್ಲಿ ಮೈಮುರಿಯುವ ಕೆಲಸ ಶುರುವಾಗುವ ಹೊತ್ತಿಗೆ ಕಣಜ ಬರಿದಾಗಿ, ಹೊಸ ಬೆಳೆ ಕೈಗೆ ಬರುವವರೆಗೆ ಒಪ್ಪೊತ್ತಿನ ಊಟದಲ್ಲಿ ದಿನ ತಳ್ಳಬೇಕಾಗುತ್ತದೆ. ಆ ತಿಂಗಳುಗಳಲ್ಲಿ ಕುಟುಂಬವು ಕೈಸಾಲ ಮಾಡುತ್ತದೆ, ಬಿತ್ತನೆಗೆಂದು ತೆಗೆದಿಟ್ಟ ಬೀಜವನ್ನೇ ಅಡುಗೆಗೆ ಹಾಕುತ್ತದೆ, ತನ್ನ ಹೊಲದಲ್ಲಿ ಕಳೆ ಏಳುತ್ತಿರುವಾಗಲೇ ಕೂಲಿಗೆಂದು ಬೇರೆಯವರ ಹೊಲಕ್ಕೆ ಹೋಗುತ್ತದೆ. ಕಳೆ ತೆಗೆಯುವುದು ತಡವಾದಷ್ಟೂ ಇಳುವರಿ ಕುಸಿಯುತ್ತದೆ; ಬಂದ ಅಷ್ಟಿಷ್ಟು ಬೆಳೆಯನ್ನೂ ಸಾಲ ತೀರಿಸಲು ಬೆಲೆ ಅತಿ ಕಡಿಮೆಯಿರುವ ಸುಗ್ಗಿಯಲ್ಲೇ ಮಾರಿ, ಅದೇ ಕಾಳನ್ನು ಕೆಲವು ತಿಂಗಳ ಮೇಲೆ ಹೆಚ್ಚಿನ ಬೆಲೆಗೆ ಕೊಳ್ಳಬೇಕಾಗುತ್ತದೆ. ಮುಂದಿನ ವರ್ಷದ ಹಸಿವು ಹೀಗೆ ಈ ವರ್ಷವೇ ತಯಾರಾಗುತ್ತದೆ.

ಈ ಸರಪಳಿಯನ್ನು ಕಡಿಯಲು ಹೊಲದಲ್ಲಿ ಹೆಚ್ಚು ಬೆಳೆದರಷ್ಟೇ ಸಾಲದು, ಹಣ ಕೂಡಿಟ್ಟರಷ್ಟೇ ಸಾಲದು. ಉಳಿತಾಯದ ಪೆಟ್ಟಿಗೆ ಯಾವಾಗ ತೆರೆಯುತ್ತದೆ ಎಂಬುದನ್ನು ಹೊಲದ ಕ್ಯಾಲೆಂಡರಿಗೆ ಹೊಂದಿಸಬೇಕು. ಉಳಿತಾಯ ಯೋಜನೆಯೊಂದು, ಬೇಸಾಯ ಯೋಜನೆಯೊಂದು ಎಂದು ಬೇರೆ ಬೇರೆ ಕಡತಗಳಲ್ಲಿ ನಡೆಸುವ ಚರ್ಚುಗಳು ಎರಡರಲ್ಲೂ ಅರ್ಧ ಫಲವನ್ನಷ್ಟೇ ಕಾಣುತ್ತವೆ. ಧರ್ಮಕೇಂದ್ರದ ಸಮಿತಿಯವರು, ಮಹಿಳಾ ಸಂಘದವರು, ಹಳ್ಳಿಗಳಲ್ಲಿ ಕೆಲಸ ಮಾಡುವ ಸ್ವಯಂಸೇವಕರು ಇಂಥ ಕಾರ್ಯಕ್ರಮವನ್ನು ಹೊಸದಾಗಿ ಆರಂಭಿಸುವಾಗ ಯಾವುದಾದ ಮೇಲೆ ಯಾವುದನ್ನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಆರಂಭಕ್ಕೆ ಮುನ್ನ ಒಂದು ಹಳೆಯ ಪಾಠ

ಜರ್ಮನಿಯ ವೇಯರ್‌ಬುಷ್ ಎಂಬ ಹಳ್ಳಿಯಲ್ಲಿ 1846-47ರ ಚಳಿಗಾಲದಲ್ಲಿ ಬರ ಬಿದ್ದಾಗ, ಅಲ್ಲಿ ಮೇಯರ್ ಆಗಿದ್ದ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್ ಅನುಕೂಲಸ್ಥರಿಂದ ಹಣ ಕೂಡಿಸಿ, ಹಿಟ್ಟು ತರಿಸಿ, ಬ್ರೆಡ್ ಸುಡುವ ಒಲೆ ಕಟ್ಟಿಸಿ ಬಡವರಿಗೆ ಬ್ರೆಡ್ ಸಿಗುವಂತೆ ಮಾಡಿದರು. ಅವರ ಕೆಲಸದ ಹಿಂದಿದ್ದುದು ಅವರ ಕ್ರೈಸ್ತ ನಂಬಿಕೆಯೇ. ಮುಂದೆ ಅವರು ಬೇರೆ ಊರುಗಳಲ್ಲಿ ಇಂಥದೇ ಸಹಾಯ ಸಂಘಗಳನ್ನು ಕಟ್ಟಿದರು. ಆದರೆ ಕೊಡುವವರು ಒಂದು ಗುಂಪು, ಪಡೆಯುವವರು ಇನ್ನೊಂದು ಗುಂಪು ಎಂಬ ಏರ್ಪಾಡು ಹೆಚ್ಚು ಕಾಲ ನಿಲ್ಲಲಿಲ್ಲ. ಕೊಡುವವರ ಉತ್ಸಾಹ ಕ್ರಮೇಣ ತಗ್ಗಿತು. 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಅವರು ನಿಯಮವನ್ನೇ ಬದಲಿಸಿ, ಸಾಲ ಪಡೆಯುವವರೇ ಸದಸ್ಯರಾಗಿ ಹೊಣೆ ಹೊರುವ ಸಂಘವನ್ನು ಕಟ್ಟಿದರು. ಗ್ರಾಮೀಣ ಸಹಕಾರಿ ಬ್ಯಾಂಕುಗಳ ಬೇರು ಅಲ್ಲಿದೆ. ಇಂದು ಕಾರ್ಯಕ್ರಮ ಆರಂಭಿಸುವ ಯಾವ ಚರ್ಚಾದರೂ ಆ ಹದಿನೆಂಟು ವರ್ಷಗಳ ಸುತ್ತನ್ನು ಮತ್ತೆ ಸುತ್ತುವ ಅಗತ್ಯವಿಲ್ಲ. ಸದಸ್ಯತ್ವದಿಂದಲೇ ಆರಂಭಿಸಬಹುದು.

ಮೊದಲ ಹೆಜ್ಜೆ: ಯಾವ ಮನೆ, ಯಾವ ತಿಂಗಳು

ಹಳ್ಳಿಗೆ ಹೋದವರು ಮೊದಲು ಕೇಳಬೇಕಾದ ಪ್ರಶ್ನೆ ‘ನಿಮಗೆ ಏನು ಬೇಕು’ ಎಂಬುದಲ್ಲ. ಆ ಪ್ರಶ್ನೆಗೆ ಪಟ್ಟಿ ಸಿಗುತ್ತದೆ, ವಿಷಯ ಸಿಗುವುದಿಲ್ಲ. ಕಳೆದ ಹನ್ನೆರಡು ತಿಂಗಳಲ್ಲಿ ಯಾವ ಯಾವ ತಿಂಗಳು ಮನೆಮಂದಿಗೆ ಸಾಕಾಗುವಷ್ಟು ಆಹಾರ ಇರಲಿಲ್ಲ ಎಂದು ಕೇಳಿ. ನೆಲದ ಮೇಲೆ ಹನ್ನೆರಡು ಚೌಕಗಳನ್ನು ಬರೆದು, ಪ್ರತಿ ತಿಂಗಳಿಗೂ ಕಾಳುಗಳನ್ನು ಇಡಲು ಹೇಳಿ: ತುಂಬ ಇದ್ದ ತಿಂಗಳಿಗೆ ಐದು, ಏನೂ ಇಲ್ಲದ ತಿಂಗಳಿಗೆ ಖಾಲಿ. ಅದೇ ಚೌಕಗಳ ಕೆಳಗೆ ಹಣ ಬರುವ ತಿಂಗಳು, ಶಾಲೆಯ ಖರ್ಚು ಬೀಳುವ ತಿಂಗಳು, ಕಾಯಿಲೆ ಹೆಚ್ಚುವ ತಿಂಗಳು, ಸಾಲ ಮಾಡುವ ತಿಂಗಳು ಇವನ್ನೂ ಗುರುತಿಸಿ. ತಿಂಗಳ ಹೆಸರು ಹೇಳಿದರೆ ನೆನಪಾಗದವರಿಗೆ ಹಬ್ಬ, ಮೊದಲ ಮಳೆ, ಕೊಯ್ಲು ಇಂಥ ಗುರುತುಗಳನ್ನು ಹೇಳಿದರೆ ಕೂಡಲೇ ನೆನಪಾಗುತ್ತದೆ.

ಇದನ್ನು ಹೆಂಗಸರ ಜೊತೆ ಪ್ರತ್ಯೇಕವಾಗಿ ಮಾಡಬೇಕು. ಗಂಡಸರು ಹೊಲದ ಲೆಕ್ಕವನ್ನು ಸರಿಯಾಗಿ ಹೇಳಿದರೂ, ಯಾವ ದಿನ ಯಾರು ಊಟ ಬಿಟ್ಟರು ಎಂಬುದು ಅಡುಗೆ ಮಾಡುವವರಿಗೆ ಮಾತ್ರ ಗೊತ್ತಿರುತ್ತದೆ. ಎರಡು ಪಟ್ಟಿಗಳ ನಡುವೆ ಕಾಣುವ ವ್ಯತ್ಯಾಸವೇ ಹಲವು ಸಲ ಅತ್ಯಂತ ಉಪಯುಕ್ತ ಮಾಹಿತಿಯಾಗಿರುತ್ತದೆ.

ಅತಿ ಬಡವರು ಸಭೆಗೆ ಬರುವುದಿಲ್ಲ. ಬಂದರೂ ಹಿಂದೆ ಕೂರುತ್ತಾರೆ, ಮಾತಾಡುವುದಿಲ್ಲ. ಭಾನುವಾರದ ಆರಾಧನೆ ಮುಗಿದ ಮೇಲೆ ಕೈಯೆತ್ತಿಸಿ ಹೆಸರು ಬರೆದುಕೊಂಡರೆ ಸಿಗುವುದು ಚರ್ಚಿಗೆ ಹತ್ತಿರವಿರುವವರ ಪಟ್ಟಿಯೇ ಹೊರತು ಹಸಿದವರ ಪಟ್ಟಿಯಲ್ಲ. ಆದ್ದರಿಂದ ಊರಿನ ಕೊನೆಯ ಮನೆಗಳಿಗೆ, ಒಂಟಿ ಹೆಂಗಸರು ನಡೆಸುವ ಮನೆಗಳಿಗೆ, ಬೇರೆ ಧರ್ಮದವರ ಮನೆಗಳಿಗೆ ನಡೆದುಕೊಂಡೇ ಹೋಗಬೇಕು. ರೆಡ್‌ಕ್ರಾಸ್ ಚಳವಳಿ ಮತ್ತು ಸ್ವಯಂಸೇವಾ ಸಂಸ್ಥೆಗಳು 1994ರಲ್ಲಿ ಒಪ್ಪಿಕೊಂಡ ನೀತಿಸಂಹಿತೆಯು, ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಮುಂದೊತ್ತಲು ಬಳಸಬಾರದು ಎನ್ನುತ್ತದೆ. ಚರ್ಚುಗಳ ದೊಡ್ಡ ನೆರವು ಸಂಸ್ಥೆಗಳಲ್ಲಿ ಅನೇಕವು ಅದಕ್ಕೆ ಸಹಿ ಹಾಕಿವೆ. ಗುಂಪಿಗೆ ಸೇರಲು ಆರಾಧನೆಗೆ ಬರಬೇಕೆಂಬ ಷರತ್ತು, ಬಾಯಿಮಾತಿನದಾಗಿದ್ದರೂ, ಇರಕೂಡದು. ಇದನ್ನು ಮೊದಲ ಸಭೆಯಲ್ಲೇ ಸಭಾಪಾಲಕರು ಅಥವಾ ಫಾದರ್ ತಾವೇ ಎದ್ದು ನಿಂತು ಹೇಳುವುದು ಒಳ್ಳೆಯದು, ಏಕೆಂದರೆ ಬೇರೆ ಯಾರು ಹೇಳಿದರೂ ಊರಿನವರು ಪೂರ್ತಿ ನಂಬುವುದಿಲ್ಲ.

ಎರಡನೆಯ ಹೆಜ್ಜೆ: ಬೀಜಕ್ಕಿಂತ ಮೊದಲು ಪೆಟ್ಟಿಗೆ

ಬೀಜ, ಗೊಬ್ಬರ, ಕೋಳಿ, ಮೇಕೆ ಹಂಚಿ ಆಮೇಲೆ ಉಳಿತಾಯದ ಮಾತು ತೆಗೆದರೆ, ಜನ ಉಳಿತಾಯವನ್ನು ಮುಂದಿನ ಹಂಚಿಕೆಗೆ ಕಟ್ಟುವ ಪ್ರವೇಶ ಶುಲ್ಕವೆಂದು ತಿಳಿಯುತ್ತಾರೆ. ಹಂಚಿಕೆ ನಿಂತ ದಿನ ಉಳಿತಾಯವೂ ನಿಲ್ಲುತ್ತದೆ. ಆದ್ದರಿಂದ ಏನನ್ನೂ ಕೊಡದೆ, ಬರೀ ಉಳಿತಾಯ ಗುಂಪಿನಿಂದ ಆರಂಭಿಸುವುದು ಕಷ್ಟವೆನಿಸಿದರೂ ಸರಿಯಾದ ಕ್ರಮ. ಬರುವವರ ಸಂಖ್ಯೆ ಕಡಿಮೆಯಾಗುತ್ತದೆ, ಬಂದವರು ಉಳಿಯುತ್ತಾರೆ.

ಇಂದು ಜಗತ್ತಿನ ಹಲವೆಡೆ ಬಳಕೆಯಲ್ಲಿರುವ ಹಳ್ಳಿ ಉಳಿತಾಯ ಮತ್ತು ಸಾಲದ ಗುಂಪಿನ ಮಾದರಿಯನ್ನು ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆಯು 1991ರಲ್ಲಿ ಪಶ್ಚಿಮ ಆಫ್ರಿಕದ ನೈಜರ್ ದೇಶದ ಮರಾಡಿ ಪ್ರದೇಶದಲ್ಲಿ ಹಳ್ಳಿಯ ಹೆಂಗಸರ ಜೊತೆ ರೂಪಿಸಿತು. ಕ್ಯಾಥೊಲಿಕ್ ರಿಲೀಫ್ ಸರ್ವೀಸಸ್ ಸೇರಿದಂತೆ ಚರ್ಚುಗಳ ಸಂಸ್ಥೆಗಳು ಅದನ್ನು ತಮಗೆ ಬೇಕಾದಂತೆ ಸ್ವಲ್ಪ ಬದಲಿಸಿ ನಡೆಸುತ್ತಿವೆ. ಅದರ ಮುಖ್ಯ ಅಂಶಗಳು ಹೀಗಿವೆ.

ಗುಂಪಿನಲ್ಲಿ 15ರಿಂದ 25 ಜನ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಸಾಲ ಕೊಡುವಷ್ಟು ಹಣ ಕೂಡುವುದಿಲ್ಲ, ಹೆಚ್ಚಾದರೆ ಸಭೆ ಬೇಗ ಮುಗಿಯುವುದಿಲ್ಲ. ಯಾರು ಯಾರ ಜೊತೆ ಸೇರಬೇಕು ಎಂಬುದನ್ನು ಸದಸ್ಯರೇ ತೀರ್ಮಾನಿಸಬೇಕು. ಯಾರಿಗೆ ಹಣ ಕೊಟ್ಟರೆ ವಾಪಸು ಬರುತ್ತದೆ, ಯಾರಿಗೆ ಕೊಟ್ಟರೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಸಮಿತಿಗೂ ಗೊತ್ತಿರುವುದಿಲ್ಲ. ಒಂದೇ ಮನೆತನದವರು ಹೆಚ್ಚು ಜನ ಒಂದೇ ಗುಂಪಿನಲ್ಲಿದ್ದರೆ ಠರಾವುಗಳು ಆ ಮನೆಯ ಜಗಲಿಯಲ್ಲೇ ಆಗಿಬಿಡುತ್ತವೆ ಎಂಬುದನ್ನು ಮಾತ್ರ ಎಚ್ಚರಿಸಿ ಹೇಳಬಹುದು.

ಸದಸ್ಯರು ವಾರಕ್ಕೊಮ್ಮೆ ಸೇರಿ ‘ಪಾಲು’ಗಳನ್ನು ಕೊಳ್ಳುತ್ತಾರೆ. ಒಂದು ಪಾಲಿನ ಬೆಲೆಯನ್ನು ಗುಂಪೇ ನಿಗದಿ ಮಾಡುತ್ತದೆ, ಮತ್ತು ಒಂದು ಸಭೆಯಲ್ಲಿ ಒಬ್ಬರು ಒಂದರಿಂದ ಐದು ಪಾಲುಗಳವರೆಗೆ ಕೊಳ್ಳಬಹುದು. ಈ ಬೆಲೆಯನ್ನು ನಿಗದಿ ಮಾಡುವಾಗ, ಅತಿ ಬಡ ಸದಸ್ಯೆ ತನ್ನ ಹಸಿವಿನ ತಿಂಗಳಿನಲ್ಲೂ ವಾರಕ್ಕೊಂದು ಪಾಲು ಕೊಳ್ಳಲು ಸಾಧ್ಯವೇ ಎಂಬುದನ್ನು ನೋಡಬೇಕು. ಸಾಮಾನ್ಯವಾಗಿ ಗುಂಪಿನ ಅನುಕೂಲಸ್ಥರು ಹೆಚ್ಚಿನ ಬೆಲೆ ಹೇಳುತ್ತಾರೆ, ಉಳಿದವರು ಮರ್ಯಾದೆಗೆ ಅಂಜಿ ತಲೆಯಾಡಿಸುತ್ತಾರೆ. ಅಲ್ಲಿ ಗುಂಪಿಗೆ ಕಲಿಸಲು ಚರ್ಚು ನೇಮಿಸಿದ ತರಬೇತುದಾರರು ಮಧ್ಯೆ ಬರಬೇಕು.

ಹಣ ಇರುವುದು ಮೂರು ಬೀಗಗಳ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ. ಬೀಗದ ಕೈಗಳು ಮೂರು ಬೇರೆ ಬೇರೆ ಸದಸ್ಯರ ಬಳಿ, ಪೆಟ್ಟಿಗೆ ನಾಲ್ಕನೆಯವರ ಮನೆಯಲ್ಲಿ. ಬೀಗದ ಕೈ ಇಟ್ಟುಕೊಂಡವರು ಪದಾಧಿಕಾರಿಗಳಾಗಿರಬಾರದು. ಅಧ್ಯಕ್ಷೆ, ಲೆಕ್ಕ ಬರೆಯುವವರು, ಪೆಟ್ಟಿಗೆ ಕಾಯುವವರು ಮತ್ತು ಹಣ ಎಣಿಸುವ ಇಬ್ಬರು, ಹೀಗೆ ಐದು ಜನ ಪದಾಧಿಕಾರಿಗಳು. ಪ್ರತಿ ವರ್ಷ ಹೊಸದಾಗಿ ಚುನಾವಣೆ.

ಸಭೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎಲ್ಲರೂ ವೃತ್ತಾಕಾರವಾಗಿ ಕೂರುತ್ತಾರೆ, ಮೂವರು ಬಂದು ಬೀಗ ತೆಗೆಯುತ್ತಾರೆ. ಹೋದ ವಾರ ಪೆಟ್ಟಿಗೆ ಮುಚ್ಚುವಾಗ ಎಷ್ಟು ಹಣವಿತ್ತು ಎಂದು ಅಧ್ಯಕ್ಷೆ ಕೇಳುತ್ತಾರೆ, ಸದಸ್ಯರು ನೆನಪಿನಿಂದ ಹೇಳುತ್ತಾರೆ, ಎಣಿಸುವವರು ಎಲ್ಲರ ಕಣ್ಣೆದುರು ಬಟ್ಟಲಿಗೆ ಎಣಿಸಿ ಹಾಕಿ ಸರಿಯಿದೆ ಎನ್ನುತ್ತಾರೆ. ಆಮೇಲೆ ಒಬ್ಬೊಬ್ಬರನ್ನೇ ಸಂಖ್ಯೆಯಿಂದ ಕರೆಯುತ್ತಾರೆ. ಕರೆಸಿಕೊಂಡವರು ಹಣ ಕೊಟ್ಟು, ‘ಮೂರು ಪಾಲು’ ಎಂದು ಗಟ್ಟಿಯಾಗಿ ಹೇಳಿ, ಪಾಸ್‌ಬುಕ್‌ನಲ್ಲಿ ಮೂರು ಮುದ್ರೆ ಒತ್ತಿಸಿಕೊಳ್ಳುತ್ತಾರೆ. ಕೊಳ್ಳದ ಪಾಲುಗಳ ಖಾಲಿ ಜಾಗಕ್ಕೆ ಅಡ್ಡ ಗೆರೆ ಎಳೆಯುತ್ತಾರೆ. ಓದು ಬಾರದವರೂ ಮುದ್ರೆಗಳನ್ನು ಎಣಿಸಿ ತಮ್ಮ ಲೆಕ್ಕವನ್ನು ತಾವೇ ನೋಡಿಕೊಳ್ಳಬಹುದು. ಪಾಸ್‌ಬುಕ್‌ಗಳು ಮನೆಗೆ ಹೋಗುವುದಿಲ್ಲ, ಪೆಟ್ಟಿಗೆಯಲ್ಲೇ ಇರುತ್ತವೆ. ಮನೆಗೆ ಹೋದರೆ ಮುದ್ರೆ ಒತ್ತಿಕೊಳ್ಳುವ ಆಸೆ ಯಾರಿಗಾದರೂ ಬರಬಹುದು. ಕೊನೆಗೆ ಒಟ್ಟು ಮೊತ್ತವನ್ನು ಎರಡು ಮೂರು ಸಲ ಹೇಳಿಸಿ ಎಲ್ಲರಿಗೂ ಬಾಯಿಪಾಠ ಮಾಡಿಸಿ ಬೀಗ ಹಾಕುತ್ತಾರೆ. ಇದೆಲ್ಲ ಮಕ್ಕಳಾಟದಂತೆ ಕಂಡರೂ ಇದರಲ್ಲಿ ಒಂದನ್ನೂ ಬಿಡಬಾರದು. ಲೆಕ್ಕದ ಪುಸ್ತಕ ಎಷ್ಟೇ ಅಚ್ಚುಕಟ್ಟಾಗಿದ್ದರೂ ಓದಲು ಬರುವ ಒಬ್ಬಿಬ್ಬರ ಕೈಯಲ್ಲಿ ಸಿಕ್ಕಿಕೊಳ್ಳುತ್ತದೆ, ಇಪ್ಪತ್ತು ಜನರ ನೆನಪು ಹಾಗೆ ಸಿಕ್ಕಿಕೊಳ್ಳುವುದಿಲ್ಲ.

ಪಾಲಿನ ಹಣದ ಜೊತೆಗೆ ಪ್ರತಿ ಸಭೆಯಲ್ಲಿ ಎಲ್ಲರೂ ಸಮನಾಗಿ ಸ್ವಲ್ಪ ಹಣವನ್ನು ಆಪತ್ತಿನ ನಿಧಿಗೆ ಹಾಕುತ್ತಾರೆ. ಅದನ್ನು ಬೇರೆಯೇ ಚೀಲದಲ್ಲಿಟ್ಟು ಕಾಯಿಲೆ, ಸಾವು, ಬೆಂಕಿಯಂಥ ಸಂದರ್ಭಗಳಲ್ಲಿ ಬಡ್ಡಿಯಿಲ್ಲದೆ ಅಥವಾ ವಾಪಸಿಲ್ಲದೆ ಕೊಡುತ್ತಾರೆ. ಈ ಚಿಕ್ಕ ಚೀಲವನ್ನು ಕಡೆಗಣಿಸುವ ಗುಂಪುಗಳೇ ಹೆಚ್ಚು. ಆಸ್ಪತ್ರೆಯ ಒಂದು ಖರ್ಚಿಗೆ ಮೇಕೆಯನ್ನೋ ಬಿತ್ತನೆ ಬೀಜವನ್ನೋ ಮಾರಿದ ಮನೆಗೆ ಆ ವರ್ಷದ ಹಸಿವು ಒಂದು ತಿಂಗಳು ಮುಂಚೆಯೇ ಬರುತ್ತದೆ.

ಸಾಲ, ಬಡ್ಡಿ ಮತ್ತು ವರ್ಷಾಂತ್ಯದ ಹಂಚಿಕೆ

ಮೊದಲ ಮೂರು ತಿಂಗಳು ಉಳಿತಾಯ ಮಾತ್ರ. ಆಮೇಲೆ ನಾಲ್ಕು ವಾರಕ್ಕೊಮ್ಮೆ ಸಾಲ ಕೊಡಬಹುದು. ಒಬ್ಬರು ತಮ್ಮ ಉಳಿತಾಯದ ಮೂರು ಪಟ್ಟಿಗಿಂತ ಹೆಚ್ಚು ಸಾಲ ಪಡೆಯಬಾರದು ಎಂಬ ನಿಯಮವನ್ನು ಸಾಮಾನ್ಯವಾಗಿ ಪಾಲಿಸುತ್ತಾರೆ, ಮತ್ತು ಮೊದಲ ವರ್ಷ ಮೂರು ತಿಂಗಳೊಳಗೆ ಸಾಲ ತೀರಬೇಕು. ತಿಂಗಳಿಗೆ ನೂರಕ್ಕೆ 5ರಿಂದ 10ರವರೆಗೆ ಬಡ್ಡಿ ಇಡುವ ಗುಂಪುಗಳು ಬಹಳ ಇವೆ. ಬಡ್ಡಿಯೆಲ್ಲ ಸದಸ್ಯರಿಗೇ ಮರಳುವುದರಿಂದ ತೊಂದರೆಯಿಲ್ಲ ಎಂದು ಇದನ್ನು ಸಮರ್ಥಿಸುತ್ತಾರೆ. ಆ ವಾದ ಅರ್ಧ ಮಾತ್ರ ನಿಜ: ಹೆಚ್ಚು ಸಾಲ ಮಾಡಿ ಕಡಿಮೆ ಉಳಿಸುವವರು ಬಡವರೇ ಆಗಿದ್ದರೆ, ಅವರು ಕಟ್ಟಿದ ಬಡ್ಡಿ ಹೆಚ್ಚು ಪಾಲುಗಳಿರುವ ಅನುಕೂಲಸ್ಥರಿಗೆ ಹೋಗುತ್ತದೆ. ಕಡಿಮೆ ದರದಿಂದ ಆರಂಭಿಸುವುದು, ಒಬ್ಬರು ಕೊಳ್ಳಬಹುದಾದ ಪಾಲುಗಳನ್ನು ಐದಕ್ಕೆ ಮಿತಿಗೊಳಿಸುವುದು, ಇವೆರಡೂ ಆ ಅಂತರವನ್ನು ಹಿಡಿತದಲ್ಲಿಡುತ್ತವೆ. ಧಾರ್ಮಿಕ ಕಾರಣದಿಂದ ಬಡ್ಡಿ ಒಪ್ಪದ ಸದಸ್ಯರಿರುವ ಗುಂಪುಗಳು ಬಡ್ಡಿಯಿಲ್ಲದೆಯೂ ನಡೆಯುತ್ತವೆ.

9ರಿಂದ 12 ತಿಂಗಳಿಗೊಮ್ಮೆ ಎಲ್ಲ ಸಾಲಗಳನ್ನೂ ವಸೂಲು ಮಾಡಿ, ಪೆಟ್ಟಿಗೆಯಲ್ಲಿರುವ ಹಣವನ್ನು ಪೂರ್ತಿ ಹಂಚಬೇಕು. ಲೆಕ್ಕ ಸುಲಭ. 20 ಸದಸ್ಯರಿದ್ದಾರೆ, ಒಂದು ಪಾಲಿನ ಬೆಲೆ 20, ವರ್ಷದಲ್ಲಿ ಎಲ್ಲರೂ ಸೇರಿ 2,000 ಪಾಲುಗಳನ್ನು ಕೊಂಡಿದ್ದಾರೆ ಎಂದುಕೊಳ್ಳಿ. ಉಳಿತಾಯ 40,000 ಆಯಿತು. ಬಡ್ಡಿ ಮತ್ತು ದಂಡದಿಂದ 6,000 ಬಂದಿದ್ದರೆ ಒಟ್ಟು 46,000. ಇದನ್ನು 2,000ದಿಂದ ಭಾಗಿಸಿದರೆ ಒಂದು ಪಾಲಿಗೆ 23. ನೂರು ಮುದ್ರೆಗಳಿರುವ ಸದಸ್ಯೆ 2,000 ಕಟ್ಟಿ 2,300 ತೆಗೆದುಕೊಂಡು ಹೋಗುತ್ತಾರೆ. ನಾಣ್ಯ ಯಾವ ದೇಶದ್ದಾದರೂ ವಿಧಾನ ಇದೇ.

ಈ ಹಂಚಿಕೆಯ ದಿನ ಯಾವಾಗ ಬರಬೇಕು ಎಂಬುದರ ಮೇಲೆ ಇಡೀ ಕಾರ್ಯಕ್ರಮ ನಿಂತಿದೆ. ಗುಂಪು ಆರಂಭವಾದ ದಿನದಿಂದ ಹನ್ನೆರಡು ತಿಂಗಳು ಎಣಿಸಿ ದಿನಾಂಕ ಹಾಕಿದರೆ ಹಣ ಹಬ್ಬದ ಸಮಯಕ್ಕೋ ಸುಗ್ಗಿಯ ಸಮಯಕ್ಕೋ ಕೈಗೆ ಬಂದು ಕರಗಿಹೋಗುತ್ತದೆ. ಮೊದಲು ಬರೆದ ಹನ್ನೆರಡು ಚೌಕಗಳನ್ನು ಮತ್ತೆ ಎದುರಿಗಿಟ್ಟುಕೊಂಡು, ಬಿತ್ತನೆಗೆ ನಾಲ್ಕರಿಂದ ಆರು ವಾರ ಮುಂಚೆ ಹಂಚಿಕೆ ಬರುವಂತೆ ಅವಧಿಯನ್ನು ಹಿಂದಿನಿಂದ ಎಣಿಸಿ. ಆಗ ಬೀಜ, ಗೊಬ್ಬರ, ಸಲಕರಣೆಗಳನ್ನು ಸಾಲವಿಲ್ಲದೆ ಕೊಳ್ಳಬಹುದು, ಮತ್ತು ಉಳಿದುದರಲ್ಲಿ ಮುಂದಿನ ಖಾಲಿ ತಿಂಗಳುಗಳಿಗೆ ಬೇಕಾದ ಕಾಳನ್ನು ಬೆಲೆ ಏರುವ ಮುನ್ನ ತಂದಿಡಬಹುದು. ಮೊದಲ ಅವಧಿ ಇದಕ್ಕಾಗಿ ಏಳೆಂಟು ತಿಂಗಳಿಗೇ ಮುಗಿಯಬೇಕಾಗಿ ಬಂದರೂ ಚಿಂತೆಯಿಲ್ಲ.

ಇದೇ ಕಾರಣಕ್ಕೆ, ಬೇಸಾಯದ ಖರ್ಚಿಗೆ ಗುಂಪಿನ ಸಾಲವನ್ನು ನೆಚ್ಚಿಕೊಳ್ಳಬಾರದು. ಬಿತ್ತಿದ ಬೆಳೆ ಮೂರು ತಿಂಗಳಲ್ಲಿ ಹಣವಾಗುವುದಿಲ್ಲ. ಮಳೆ ಕೈಕೊಟ್ಟರೆ ಎಲ್ಲ ಸಾಲಗಾರರೂ ಒಟ್ಟಿಗೆ ಬಾಕಿ ಬೀಳುತ್ತಾರೆ, ಗುಂಪು ಒಡೆಯುತ್ತದೆ. ಸಾಲ ಚಿಕ್ಕ ವ್ಯಾಪಾರಕ್ಕೆ, ಶಾಲೆಯ ಖರ್ಚಿಗೆ, ಹಸಿವಿನ ತಿಂಗಳಲ್ಲಿ ಒಂದು ಮೂಟೆ ಧಾನ್ಯಕ್ಕೆ ಇರಲಿ. ಬಿತ್ತನೆಗೆ ಹಂಚಿಕೆಯ ಹಣ ಇರಲಿ.

ಮೂರನೆಯ ಹೆಜ್ಜೆ: ಹೊಲ

ಗುಂಪು ಮೂರು ನಾಲ್ಕು ತಿಂಗಳು ನಿಯಮಿತವಾಗಿ ಸೇರಿದ ಮೇಲೆ ಅದೇ ಸಭೆಯಲ್ಲಿ ಬೇಸಾಯದ ಮಾತು ತೆಗೆಯಬಹುದು. ಇಲ್ಲಿ ಚರ್ಚುಗಳು ಹೆಚ್ಚಾಗಿ ಹಿಡಿದಿರುವ ದಾರಿ ಸಂರಕ್ಷಣಾ ಬೇಸಾಯದ್ದು. ಜಿಂಬಾಬ್ವೆಯ ರೈತ ಬ್ರಯನ್ ಓಲ್ಡ್ರೀವ್ 1980ರ ದಶಕದಲ್ಲಿ, ಕಾಡಿನಲ್ಲಿ ಯಾರೂ ಉಳುವುದಿಲ್ಲ, ನೆಲ ಎಂದೂ ಬರಿದಾಗಿರುವುದಿಲ್ಲ ಎಂಬುದನ್ನು ಗಮನಿಸಿ, ಉಳದೆ, ಎಲೆಕಡ್ಡಿಗಳ ಹೊದಿಕೆಯಡಿ ಬೆಳೆ ತೆಗೆಯಲು ಆರಂಭಿಸಿದರು. ಆ ಪದ್ಧತಿ ಬೈಬಲ್ ಪಾಠದೊಂದಿಗೆ ಸೇರಿ ಆಫ್ರಿಕದ ಅನೇಕ ಚರ್ಚುಗಳಿಗೆ ಹರಡಿತು. ಹೊದಿಕೆಯನ್ನು ಅಲ್ಲಿ ‘ದೇವರ ಕಂಬಳಿ’ ಎನ್ನುತ್ತಾರೆ. ವಿಜ್ಞಾನದ ಭಾಷೆಯಲ್ಲಿ ಇದರ ನಿಯಮಗಳು ಮೂರು: ಮಣ್ಣನ್ನು ಆದಷ್ಟು ಕಡಿಮೆ ಕದಡುವುದು, ನೆಲದ ಕನಿಷ್ಠ ಶೇಕಡ 30ರಷ್ಟನ್ನಾದರೂ ಸದಾ ಮುಚ್ಚಿಡುವುದು, ಬೆಳೆ ಬದಲಿಸುವುದು ಅಥವಾ ಮಿಶ್ರ ಬೆಳೆ ಇಡುವುದು.

ಎತ್ತಿಲ್ಲದ ಬಡ ರೈತರಿಗೆ ಇದರಲ್ಲಿ ಬಹಳ ಉಪಯೋಗಕ್ಕೆ ಬರುವುದು ಗುಣಿ ಪದ್ಧತಿ. ಎತ್ತು ಬಾಡಿಗೆಗೆ ಸಿಗುವವರೆಗೆ ಕಾದು ಬಿತ್ತುವವರು ಮೊದಲ ಮಳೆಯ ಹದವನ್ನು ಕಳೆದುಕೊಳ್ಳುತ್ತಾರೆ. ಗುಣಿಗಳನ್ನು ಬೇಸಿಗೆಯಲ್ಲೇ ತೋಡಿಟ್ಟುಕೊಂಡರೆ ಹದವಾದ ಮಳೆ ಬಿದ್ದ ಮರುದಿನವೇ ಬಿತ್ತಬಹುದು. ದಾರಕ್ಕೆ ಗಂಟು ಹಾಕಿ ಹೊಲದ ಅಡ್ಡಕ್ಕೆ ಎಳೆದು, ಗಂಟಿಗೊಂದರಂತೆ ಸುಮಾರು 15 ಸೆಂಟಿಮೀಟರ್ ಅಗಲ, ಅಷ್ಟೇ ಆಳದ ಗುಣಿಗಳನ್ನು ತೋಡಿ, ಪ್ರತಿ ಗುಣಿಗೂ ಒಂದೆರಡು ಹಿಡಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ, ಮೇಲೆ ತೆಳ್ಳಗೆ ಮಣ್ಣು ಎಳೆದು, ಬಾಯಿ ಪೂರ್ತಿ ಮುಚ್ಚದೆ ಬಿಡಬೇಕು. ಇಳಿಜಾರಿರುವಲ್ಲಿ ಸಾಲುಗಳು ಇಳಿಜಾರಿಗೆ ಅಡ್ಡಲಾಗಿರಬೇಕು. ಬಿದ್ದ ನೀರು ಗುಣಿಯಲ್ಲಿ ನಿಲ್ಲುತ್ತದೆ, ಇರುವ ಸ್ವಲ್ಪ ಗೊಬ್ಬರ ಹೊಲವೆಲ್ಲ ಚೆಲ್ಲಿಹೋಗದೆ ಬೇರಿನ ಬುಡದಲ್ಲೇ ಉಳಿಯುತ್ತದೆ. ಬುರ್ಕಿನಾ ಫಾಸೊ ದೇಶದ ರೈತ ಯಾಕೂಬ ಸವಾಡೊಗೊ ಇದಕ್ಕಿಂತ ದೊಡ್ಡದಾದ ‘ಜೈ’ ಗುಣಿಗಳಿಂದ ಗಟ್ಟಿಯಾಗಿ ಬರಡಾಗಿದ್ದ ನೆಲದಲ್ಲಿ ಬೆಳೆಯನ್ನೂ ಮರಗಳನ್ನೂ ಬೆಳೆಸಿದರು.

ಇದರ ತೊಡಕುಗಳನ್ನು ಮರೆಮಾಚಿ ಪ್ರಚಾರ ಮಾಡುವುದು ಸರಿಯಲ್ಲ. ಮೊದಲ ವರ್ಷ ಗುಣಿ ತೋಡುವ ಕೆಲಸ ಬೆನ್ನು ಮುರಿಯುತ್ತದೆ, ಆ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೆ ಬೀಳುತ್ತದೆ. ಉಳದ ನೆಲದಲ್ಲಿ ಮೊದಲ ಎರಡು ಮೂರು ವರ್ಷ ಕಳೆ ಹೆಚ್ಚು. ಹೊದಿಕೆಗೆ ಬೇಕಾದ ದಂಟು, ಹುಲ್ಲು ದನಗಳ ಮೇವೂ ಹೌದು. ಕೊಯ್ಲಾದ ಮೇಲೆ ಊರ ದನಗಳು ಎಲ್ಲ ಹೊಲಗಳಲ್ಲೂ ಮೇಯುವ ಪದ್ಧತಿಯಿರುವಲ್ಲಿ ಒಬ್ಬ ರೈತ ತನ್ನ ಹೊಲದ ಹೊದಿಕೆಯನ್ನು ಒಬ್ಬನೇ ಕಾಪಾಡಲಾರ, ಊರಿನ ಹಿರಿಯರ ಜೊತೆ ಕೂತು ಮಾತಾಡಿ ಕಟ್ಟಳೆ ಮಾಡಿಕೊಳ್ಳಬೇಕು. ಹೀಗಾಗಿ ಇಡೀ ಹೊಲವನ್ನು ಒಮ್ಮೆಗೇ ಬದಲಿಸಲು ಯಾರಿಗೂ ಹೇಳಬೇಡಿ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಒಂದು ತುಂಡು ಸಾಕು. ಪಕ್ಕದಲ್ಲೇ ಅಷ್ಟೇ ಅಳತೆಯ ಇನ್ನೊಂದು ತುಂಡಿನಲ್ಲಿ ಹಳೆಯ ಪದ್ಧತಿಯಂತೆ, ಅದೇ ಬೀಜ, ಅದೇ ದಿನ ಬಿತ್ತಿಸಿ. ಒಕ್ಕಣೆಯ ದಿನ ಗುಂಪಿನವರ ಎದುರಿಗೆ ಎರಡೂ ತುಂಡುಗಳ ರಾಶಿಯನ್ನು ಒಂದೇ ಬಕೆಟ್ಟಿನಿಂದ ಅಳೆಯಿರಿ. ಗೆದ್ದದ್ದು ಯಾವುದೋ ಅದನ್ನು ಮುಂದಿನ ವರ್ಷ ಅವರೇ ಹೆಚ್ಚಿಸುತ್ತಾರೆ. ಎರಡೂ ಸಮನಾಗಿ ಬಂದರೆ ಅದನ್ನೂ ಒಪ್ಪಿಕೊಳ್ಳಬೇಕು.

ಬಿತ್ತುವ ಮುನ್ನ ಬೀಜದ ಮೊಳಕೆ ಪರೀಕ್ಷೆಯನ್ನು ಸಭೆಯಲ್ಲೇ ಮಾಡಿಸಬಹುದು. ನೂರು ಕಾಳುಗಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಟ್ಟೆ ಒಣಗದಂತೆ ನೋಡಿಕೊಂಡು ಒಂದು ವಾರದ ಮೇಲೆ ಮುಂದಿನ ಸಭೆಯಲ್ಲಿ ಬಿಚ್ಚಿದರೆ ಎಷ್ಟು ಮೊಳೆತಿವೆ ಎಂಬುದು ಎಲ್ಲರಿಗೂ ಕಾಣುತ್ತದೆ. 80ಕ್ಕಿಂತ ಕಡಿಮೆಯಿದ್ದರೆ ಬೀಜ ಹೆಚ್ಚು ಹಾಕಬೇಕು, 50ಕ್ಕಿಂತ ಕಡಿಮೆಯಿದ್ದರೆ ಬೇರೆ ಬೀಜವನ್ನೇ ಹುಡುಕಬೇಕು. ಮುಖ್ಯ ಬೆಳೆಯ ನಡುವಿನ ಅಕ್ಕಡಿ ಸಾಲಿನಲ್ಲಿ ಒಂದು ದ್ವಿದಳ ಬೆಳೆ ಇರಲಿ. ಬೇಗ ಕೈಗೆ ಬರುವ ತಳಿಯಾದರೆ ಮುಖ್ಯ ಬೆಳೆಗೆ ಕೆಲವು ವಾರ ಮುಂಚೆಯೇ ಹಸಿ ಕಾಯಿಯ ರೂಪದಲ್ಲಿ ಮನೆಗೆ ಊಟ ಕೊಡುತ್ತದೆ, ಅಂದರೆ ಹಸಿವಿನ ತಿಂಗಳ ಕೊನೆಯನ್ನು ಸ್ವಲ್ಪ ಈಚೆಗೆ ಎಳೆಯುತ್ತದೆ.

ಮರಗಳ ವಿಷಯದಲ್ಲಿ ಮರಾಡಿಯ ಇನ್ನೊಂದು ಅನುಭವ ಇಲ್ಲಿ ಹೇಳತಕ್ಕದ್ದು. ಆಸ್ಟ್ರೇಲಿಯದ ಕೃಷಿತಜ್ಞ ಟೋನಿ ರಿನಾಡೊ ಮಿಷನರಿಯಾಗಿ ಅಲ್ಲಿಗೆ ಹೋಗಿ ಸಸಿ ನೆಡಿಸುತ್ತಿದ್ದರು; ನೆಟ್ಟ ಸಸಿಗಳು ಬಹುಪಾಲು ಸಾಯುತ್ತಿದ್ದವು. 1983ರಲ್ಲಿ, ಹೊಲಗಳಲ್ಲಿ ಪೊದೆಯೆಂದು ಕಾಣುತ್ತಿದ್ದುದು ಕಡಿದ ಮರಗಳ ಬುಡದಿಂದ ಚಿಗುರಿದ ಕೂಳೆಗಳೆಂದು ಅವರ ಗಮನಕ್ಕೆ ಬಂತು. ಬುಡದಿಂದ ಬಂದ ಚಿಗುರುಗಳಲ್ಲಿ ಗಟ್ಟಿಯಾದ ಕೆಲವನ್ನು ಉಳಿಸಿ, ಉಳಿದವನ್ನು ಕತ್ತರಿಸಿ, ಉಳಿಸಿದವುಗಳ ಕೆಳಗಿನ ಕೊಂಬೆಗಳನ್ನು ಸವರಿದರೆ ನೆಲದಡಿ ಮೊದಲೇ ಇರುವ ಬೇರಿನ ಬಲದಿಂದ ಮರ ಬೇಗ ಏಳುತ್ತದೆ. ನರ್ಸರಿ ಬೇಡ, ಖರ್ಚಿಲ್ಲ. ರೈತರಿಂದ ರೈತರಿಗೆ ಹರಡಿ ನೈಜರ್‌ನಲ್ಲಿ ಸುಮಾರು 50 ಲಕ್ಷ ಹೆಕ್ಟೇರ್ ಭೂಮಿಯಲ್ಲಿ ಹೀಗೆ ಮರಗಳು ಮರಳಿದವು. ರಿನಾಡೊ ಮತ್ತು ಸವಾಡೊಗೊ ಇಬ್ಬರೂ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಪಡೆದರು. ಸಸಿ ನೆಡುವ ದಿನಾಚರಣೆಗಳ ಫೋಟೊಗಳನ್ನು ಇಷ್ಟಪಡುವ ಸಮಿತಿಗಳಿಗೆ ಈ ಕೆಲಸ ಅಷ್ಟೇನೂ ರುಚಿಸುವುದಿಲ್ಲ.

ನಾಲ್ಕನೆಯ ಹೆಜ್ಜೆ: ಬೆಳೆದದ್ದನ್ನು ಉಳಿಸುವುದು

ಹೆಚ್ಚು ಬೆಳೆಯಲು ಪಡುವ ಶ್ರಮದ ಕಾಲು ಭಾಗವನ್ನು ಕಾಳು ಕಾಪಾಡಲು ಪಟ್ಟರೂ ಫಲ ಬೇಗ ಕಾಣುತ್ತದೆ. ರೈತರು ಸುಗ್ಗಿಯಲ್ಲೇ ಮಾರಲು ಸಾಲದಷ್ಟೇ ಹುಳುವಿನ ಭಯವೂ ಕಾರಣ. ಕಾಳು ಚೆನ್ನಾಗಿ ಒಣಗಿದೆಯೇ ಎಂದು ತಿಳಿಯಲು ಒಣಗಿದ ಗಾಜಿನ ಬಾಟಲಿಯಲ್ಲಿ ಕಾಲು ಭಾಗ ಕಾಳು ತುಂಬಿ, ಎರಡು ಮೂರು ಚಮಚ ಒಣ ಉಪ್ಪು ಹಾಕಿ, ಮುಚ್ಚಳ ಬಿಗಿದು, ಕೆಲವು ನಿಮಿಷ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವಾಂಶ ಶೇಕಡ 15ಕ್ಕಿಂತ ಹೆಚ್ಚಿದೆ, ಇನ್ನೂ ಒಣಗಿಸಬೇಕು. ಅಂಟದಿದ್ದರೂ ಇನ್ನೆರಡು ದಿನ ಬಿಸಿಲು ತೋರಿಸುವುದು ಕ್ಷೇಮ. ಹಸಿಯಿರುವಾಗ ಮೂಟೆ ಕಟ್ಟಿದರೆ ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ಎಂಬ ವಿಷ ಸೇರುತ್ತದೆ. ಅದು ಬೇಯಿಸಿದರೂ ಹೋಗುವುದಿಲ್ಲ.

ಚೆನ್ನಾಗಿ ಒಣಗಿದ ಕಾಳಿಗೆ ಮೂರು ಪದರದ ಚೀಲ ಬಹಳ ಒಳ್ಳೆಯದು: ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಚೀಲಗಳು, ಹೊರಗೆ ನೇಯ್ದ ಚೀಲ. ಗಾಳಿ ಹಿಂಡಿ ತೆಗೆದು ಒಂದೊಂದನ್ನೂ ಬೇರೆ ಬೇರೆಯಾಗಿ ಬಿಗಿಯಾಗಿ ಕಟ್ಟಿದರೆ, ಒಳಗಿರುವ ಹುಳುಗಳು ಇರುವ ಆಮ್ಲಜನಕವನ್ನು ಮುಗಿಸಿ ಸಾಯುತ್ತವೆ, ಔಷಧಿ ಬೇಕಾಗುವುದಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ಕ್ಯಾಮರೂನ್ ದೇಶದಲ್ಲಿ ಅಲಸಂದೆ ಬೆಳೆಗಾರರೊಂದಿಗೆ ನಡೆಸಿದ ಕೆಲಸದಿಂದ ಇದು ಹುಟ್ಟಿತು. ಆದರೆ ವಾರಕ್ಕೊಮ್ಮೆ ಬಿಚ್ಚಿ ನೋಡುತ್ತಿದ್ದರೆ ಪ್ರಯೋಜನವಿಲ್ಲ, ಆದ್ದರಿಂದ ಊಟಕ್ಕೆ ಬೇಕಾದ ಕಾಳನ್ನು ಬೇರೆ ಇಟ್ಟುಕೊಂಡು, ಬೀಜ ಮತ್ತು ಹಸಿವಿನ ತಿಂಗಳ ಕಾಳನ್ನು ಮುಟ್ಟದ ಚೀಲಗಳಲ್ಲಿ ಇಡಬೇಕು. ಸುಗ್ಗಿಯಲ್ಲಿ ತುರ್ತು ಖರ್ಚು ಬಂದರೆ ಗುಂಪಿನಿಂದ ಚಿಕ್ಕ ಸಾಲ ಪಡೆದು, ಕಾಳನ್ನು ಎರಡು ಮೂರು ತಿಂಗಳು ತಡೆದು ಮಾರುವುದು ಗುಂಪಿನ ಸಾಲದ ಅತ್ಯುತ್ತಮ ಬಳಕೆಗಳಲ್ಲಿ ಒಂದು.

ಚರ್ಚಿನ ಹಣ ಎಲ್ಲಿಗೆ ಹೋಗಬೇಕು

ಹೊರಗಿನ ಹಣವನ್ನು ಪೆಟ್ಟಿಗೆಗೆ ಹಾಕಬಾರದು. ತಮ್ಮ ಹಣವೆಂದರೆ ಜನ ಕಾಯುತ್ತಾರೆ. ಚರ್ಚಿನ ಹಣವೆಂದರೆ ಅದು ಯಾರದ್ದೂ ಅಲ್ಲದ ಹಣವಾಗುತ್ತದೆ, ಸಾಲ ವಾಪಸು ಬರುವುದಿಲ್ಲ. ಸಭಾಪಾಲಕರಾಗಲಿ ಫಾದರ್ ಆಗಲಿ ಪೆಟ್ಟಿಗೆಯನ್ನೋ ಬೀಗದ ಕೈಯನ್ನೋ ಇಟ್ಟುಕೊಳ್ಳಬಾರದು, ಗುಂಪಿನಿಂದ ಸಾಲವನ್ನೂ ಪಡೆಯಬಾರದು, ಏಕೆಂದರೆ ಅವರನ್ನು ಬಾಕಿ ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಹಾಗೆಯೇ ಗುಂಪಿನ ಸಭೆಯಲ್ಲಿ ಕಾಣಿಕೆ ಎತ್ತುವುದೂ ಬೇಡ.

ಹಣ ಹೋಗಬೇಕಾದದ್ದು ತರಬೇತುದಾರರ ಸಂಬಳಕ್ಕೆ, ಅವರ ಓಡಾಟಕ್ಕೆ, ಮಾದರಿ ತುಂಡುಗಳಿಗೆ, ಮೊದಲ ಪೆಟ್ಟಿಗೆಗಳಿಗೆ. ಪೆಟ್ಟಿಗೆಯ ಬೆಲೆಯನ್ನೂ ಗುಂಪೇ ಕಂತಿನಲ್ಲಿ ತೀರಿಸಿದರೆ ಇನ್ನೂ ಒಳ್ಳೆಯದು. ದೂರದ ಚರ್ಚುಗಳ ನೆರವನ್ನು ಹೀಗೆ ಹರಿಸುವ ಸಂಸ್ಥೆಗಳಲ್ಲಿ 1983ರಲ್ಲಿ ಸ್ಥಾಪನೆಯಾದ ಕೆನೆಡಿಯನ್ ಫುಡ್‌ಗ್ರೇನ್ಸ್ ಬ್ಯಾಂಕ್ ಪ್ರಮುಖವಾದುದು. 15 ಚರ್ಚುಗಳು ಮತ್ತು ಚರ್ಚು ಸಂಸ್ಥೆಗಳು ಕೂಡಿ ನಡೆಸುವ ಅದಕ್ಕೆ ಕೆನಡಾದ ರೈತರು ಊರೊಟ್ಟಿನಲ್ಲಿ ಒಂದು ಹೊಲವನ್ನು ಬಿತ್ತಿ, ಆ ಬೆಳೆ ಮಾರಿದ ಹಣವನ್ನು ಕೊಡುತ್ತಾರೆ.

ಪಶು ನೆರವು ಕೊಡಲೇಬೇಕೆಂದಿದ್ದರೆ ಹೈಫರ್ ಸಂಸ್ಥೆಯ ನಿಯಮ ಅನುಕರಣೀಯ. ಚರ್ಚ್ ಆಫ್ ದಿ ಬ್ರೆದ್ರನ್‌ನ ಡ್ಯಾನ್ ವೆಸ್ಟ್ ಆರಂಭಿಸಿದ ಈ ಕೆಲಸದಲ್ಲಿ 1944ರಲ್ಲಿ ಮೊದಲ 17 ಕಡಸುಗಳು ಪೋರ್ಟೊರಿಕೊಗೆ ಹೋದವು. ಪಡೆದ ಕುಟುಂಬವು ಮೊದಲ ಹೆಣ್ಣು ಕರುವನ್ನು ಇನ್ನೊಂದು ಬಡ ಕುಟುಂಬಕ್ಕೆ ಕೊಡಬೇಕು, ಅಷ್ಟೇ. ಯಾರಿಗೆ ಕೊಡಬೇಕೆಂದು ಉಳಿತಾಯ ಗುಂಪೇ ತೀರ್ಮಾನಿಸಲಿ.

ಬರಗಾಲ ಬಿದ್ದ ವರ್ಷ ಉಚಿತ ಧಾನ್ಯ ಹಂಚಬೇಕಾಗಿ ಬರುತ್ತದೆ, ಹಂಚಲೇಬೇಕು. ಆದರೆ ಅದನ್ನು ಬೇರೆ ಜನ, ಬೇರೆ ದಿನ, ಬೇರೆ ಸ್ಥಳದಲ್ಲಿ ಮಾಡುವುದು ಲೇಸು. ಉಳಿತಾಯ ಗುಂಪಿನ ಸದಸ್ಯರ ಪಟ್ಟಿಯನ್ನೇ ಹಂಚಿಕೆಯ ಪಟ್ಟಿಯಾಗಿ ಬಳಸಿದರೆ, ಮುಂದಿನ ವಾರ ಗುಂಪಿಗೆ ಸೇರಲು ಸಾಲು ನಿಲ್ಲುತ್ತದೆ.

ಕೊನೆಯ ಹೆಜ್ಜೆ: ಅಳೆಯುವುದು ಮತ್ತು ಹಿಂದೆ ಸರಿಯುವುದು

ಎಷ್ಟು ಗುಂಪುಗಳು, ಎಷ್ಟು ಉಳಿತಾಯ, ಎಷ್ಟು ತರಬೇತಿ ಎಂಬ ವರದಿಗಳು ದಾನಿಗಳಿಗೆ ಸಾಕಾಗಬಹುದು. ಕಾರ್ಯಕ್ರಮ ನಡೆಸುವವರು ಮಾತ್ರ ವರ್ಷಕ್ಕೊಮ್ಮೆ, ಅದೇ ತಿಂಗಳಲ್ಲಿ, ಅದೇ ಮನೆಗಳಲ್ಲಿ, ಹನ್ನೆರಡು ಚೌಕಗಳನ್ನು ಮತ್ತೆ ಬರೆಸಬೇಕು. ನಾಲ್ಕು ಖಾಲಿ ಚೌಕಗಳಿದ್ದ ಮನೆಯಲ್ಲಿ ಈಗ ಮೂರಿದ್ದರೆ ಕೆಲಸ ನಡೆಯುತ್ತಿದೆ. ಉಳಿತಾಯ ಎರಡು ಪಟ್ಟಾಗಿಯೂ ಚೌಕಗಳು ಹಾಗೇ ಇದ್ದರೆ ಹಂಚಿಕೆಯ ದಿನಾಂಕವನ್ನು, ಕಾಳು ಸಂಗ್ರಹವನ್ನು ಮತ್ತೆ ಪರಿಶೀಲಿಸಬೇಕು. ಗುಂಪು ಬಿಟ್ಟುಹೋದವರ ಮನೆಗೂ ಹೋಗಿ ಕಾರಣ ಕೇಳಬೇಕು, ಏಕೆಂದರೆ ಬಿಟ್ಟವರಲ್ಲಿ ಅತಿ ಬಡವರೇ ಹೆಚ್ಚಿರುವ ಸಾಧ್ಯತೆಯಿದೆ.

ತರಬೇತುದಾರರು ಮೊದಲ ಮೂರು ತಿಂಗಳು ಪ್ರತಿ ಸಭೆಗೂ ಹೋಗಬೇಕು, ಆಮೇಲೆ ತಿಂಗಳಿಗೊಮ್ಮೆ, ಮೊದಲ ಹಂಚಿಕೆಯ ದಿನ ಮತ್ತೊಮ್ಮೆ. ಆ ಹಂಚಿಕೆ ಸರಿಯಾಗಿ ನಡೆದರೆ ಗುಂಪನ್ನು ಅದರ ಪಾಡಿಗೆ ಬಿಡಬಹುದು. ಹೊಸ ಗುಂಪುಗಳಿಗೆ ಕಲಿಸಲು ಹಳೆಯ ಗುಂಪಿನಲ್ಲಿ ಚುರುಕಾಗಿರುವ ಒಬ್ಬರನ್ನು ಆರಿಸಿ, ಕಲಿಸಿದ್ದಕ್ಕೆ ಹೊಸ ಗುಂಪೇ ಸ್ವಲ್ಪ ಸಂಭಾವನೆ ಕೊಡುವಂತೆ ಒಪ್ಪಿಸಿದರೆ, ಚರ್ಚಿನ ಹಣ ನಿಂತ ಮೇಲೂ ಗುಂಪುಗಳು ಹುಟ್ಟುತ್ತಿರುತ್ತವೆ. ಬ್ಯಾಂಕಿನ ಸಾಲಕ್ಕೆ ಅವಸರ ಬೇಡ. ಪೆಟ್ಟಿಗೆಯಲ್ಲಿಡಲು ಭಯವಾಗುವಷ್ಟು ಹಣ ಸೇರಿದಾಗ ಉಳಿತಾಯ ಖಾತೆ ತೆರೆಯಲಿ. ಎರಡು ಮೂರು ಹಂಚಿಕೆಗಳು ಬಾಕಿಯಿಲ್ಲದೆ ಮುಗಿದ ಮೇಲೆ, ಸಾಲ ಬೇಕೇ ಬೇಡವೇ ಎಂಬುದನ್ನು ಸದಸ್ಯರೇ ಸಭೆಯಲ್ಲಿ ಠರಾವು ಮಾಡಲಿ.